ಮೊಹರು ಬಿದ್ದ ಜೀಪು, ದಸ್ತಗೀರ್ ಮಿಸ್ತ್ರಿಯ ಸಹಿ

ಸರ್ಕಾರಿ ಕಾಗದವನ್ನು ನಂಬುವವರ ಪಾಲಿಗೆ ಗುಲಾಮ್ ದಸ್ತಗೀರ್ ಒಬ್ಬ ಕೆಟ್ಟ ಮಿಸ್ತ್ರಿ. ೧೯೭೭ರ ಒಂದು ಫೈಲಿನಲ್ಲಿ ಹಾಗೆಂದು ಬರೆದಿದೆ. ಕೆಳಗೆ ಅವರದೇ ಉರ್ದು ಸಹಿಯೂ ಇದೆ. ರಾಯಚೂರಿನ ತೀನ್ ಕಂದಿಲ್ ಹತ್ತಿರ ಒಂದು ಬೇವಿನ ಗಿಡದ ಕೆಳಗೆ ಕೂತು ಮೂವತ್ತು ವರ್ಷ ಕಾರ್ಬುರೇಟರ್ ಬಿಚ್ಚಿ ಕೂಡಿಸಿದ ಮನುಷ್ಯನ ಬಗ್ಗೆ ಸರ್ಕಾರ ಬರೆದಿಟ್ಟದ್ದು ಆ ಒಂದೇ ಸಾಲು. ಉಳಿದದ್ದನ್ನು ಬರೆಯುವ ಪುರಸತ್ತು ಅದಕ್ಕೆ ಸಿಕ್ಕಿಲ್ಲ, ಪಾಪ.

ದಸ್ತಗೀರರ ತಂದೆ ಅದೇ ಗಿಡದ ಕೆಳಗೆ ಟಾಂಗಾ ಕುದುರೆಗಳ ಗೊರಸಿಗೆ ನಾಲು ಹೊಡೆಯುತ್ತಿದ್ದವರು. ಮಗ ಪೋತ್ನಾಳದ ಅಕ್ಕಿ ಗಿರಣಿಯಲ್ಲಿ ಇಂಜಿನ್ನಿನ ಕೆಲಸ ಕಲಿತು ಬಂದು, ತಂದೆಯ ಜಾಗದಲ್ಲೇ ನಟ್ಟು ಬಿಚ್ಚುವ ಪಾನಾ ಹಿಡಿದು ಕೂತರು. ಕುದುರೆ ಹೋಗಿ ಮೋಟಾರು ಬಂತು, ಆದರೆ ಕುದುರೆಯನ್ನು ಅವರು ಪೂರ್ತಿ ಬಿಡಲಿಲ್ಲ. ಕಾರ್ಬುರೇಟರಿನೊಳಗೆ ಜೆಟ್ ಅಂತ ಒಂದು ಹಿತ್ತಾಳೆಯ ಚೂರು ಇರುತ್ತದೆ. ಸೂಜಿಮೊನೆಯಷ್ಟಿರುವ ಅದರ ತೂತಿನಲ್ಲೇ ಪೆಟ್ರೋಲ್ ಹಾಯಬೇಕು. ಅದರಲ್ಲಿ ಕಸ ಕಟ್ಟಿದರೆ ಉಳಿದ ಮಿಸ್ತ್ರಿಗಳು ತಂತಿ ಚುಚ್ಚುತ್ತಿದ್ದರು. ತೂತು ದೊಡ್ಡದಾಗಿ ಗಾಡಿ ಕರಿ ಹೊಗೆ ಉಗುಳುತ್ತ ಪೆಟ್ರೋಲ್ ಕುಡಿಯಲು ಶುರುಮಾಡುತ್ತಿತ್ತು. ದಸ್ತಗೀರ್ ಮಾತ್ರ ಟಾಂಗಾ ಸ್ಟ್ಯಾಂಡಿಗೆ ಹೋಗಿ ಕುದುರೆಯ ಬಾಲದ ಒಂದು ಕೂದಲು ಕಿತ್ತು ತಂದು ಜೆಟ್ಟಿನಲ್ಲಿ ಎಳೆಯುತ್ತಿದ್ದರು. ಹಿತ್ತಾಳೆಗೆ ಗೀರು ಬೀಳುತ್ತಿರಲಿಲ್ಲ. ಕುದುರೆ ಒಂದು ಸಲ ಕಾಲು ಝಾಡಿಸುತ್ತಿತ್ತು, ಅಷ್ಟೇ.

ಇನ್ನೊಂದು ಅಭ್ಯಾಸವಿತ್ತು. ಗಾಡಿ ಬಂದೊಡನೆ ಬಾನೆಟ್ ಎತ್ತುವವರಲ್ಲ. ಮೊದಲು ಡ್ರೈವರನನ್ನು ಕೂರಿಸಿ ಕೇಳುತ್ತಿದ್ದರು: ತಣ್ಣಗಿದ್ದಾಗ ಚಾಲೂ ಆಗುತ್ತದೆಯೇ, ಎಲ್ಲಿಯವರೆಗೆ ಹೋಗಿ ನಿಲ್ಲುತ್ತದೆ, ನಿಂತ ಮೇಲೆ ಮತ್ತೆ ಹೇಗೆ ಎದ್ದಿತು? ಮೂರನೆಯದನ್ನು ಬೇರೆ ಯಾರೂ ಕೇಳುತ್ತಿರಲಿಲ್ಲ. ಎದ್ದ ಗಾಡಿಯ ಸುದ್ದಿ ಯಾರಿಗೆ ಬೇಕು?

ಇನ್ನು ಜೀಪಿನ ವಿಷಯ. ದೇವದುರ್ಗ ತಾಲೂಕಿನ ಒಂದು ಕಚೇರಿ. ಯಾವುದೆಂದು ಹೇಳುವುದಿಲ್ಲ, ಹೇಳಿದರೆ ಉಳಿದ ಕಚೇರಿಗಳಿಗೆ ಬೇಜಾರಾದೀತು. ಅಲ್ಲೊಂದು ಹಳೆಯ ಪೆಟ್ರೋಲ್ ಜೀಪಿತ್ತು. ಹೊಲ, ಹಳ್ಳ, ಎರೆಮಣ್ಣಿನ ಕೆಸರು ಎಲ್ಲದರಲ್ಲೂ ನುಗ್ಗುವ ಗಾಡಿ. ಅದರ ಡ್ರೈವರ್ ಯಮನೂರಪ್ಪ. ಕೂಲಿ ಮಾಡುವ ಮನೆತನದಲ್ಲಿ ಸ್ಟೇರಿಂಗ್ ಹಿಡಿದ ಮೊದಲನೆಯವನು. ಎಂಟು ವರ್ಷ ದಿನಗೂಲಿಯ ಮೇಲಿದ್ದ. ಖಾಯಂ ಆಗುವ ಕಾಗದ ಜಿಲ್ಲೆಯ ಕಚೇರಿಯಲ್ಲಿ ಕೂತಿತ್ತು.

ಅಷ್ಟರಲ್ಲಿ ಹೊಸ ಸಾಹೇಬರು ಬಂದರು. ಅವರಿಗೆ ಎಲ್ಲರ ಮೇಲೂ ಸಂಶಯ. ಡ್ರೈವರ್ ಅಂದಮೇಲೆ ಪೆಟ್ರೋಲ್ ಕದ್ದೇ ಕದಿಯುತ್ತಾನೆ ಎಂಬುದು ಅವರ ಸಿದ್ಧಾಂತ. ಪುರಾವೆ ಸಿಗದಿದ್ದದ್ದು ಕಳ್ಳತನ ಬಹಳ ನಾಜೂಕಾಗಿ ನಡೆದಿದೆ ಎಂಬುದಕ್ಕೆ ಪುರಾವೆ. ಹಾಗಾಗಿ ಒಂದು ಆದೇಶ ಹೊರಟಿತು. ಖಜಾನೆಯ ಬೀಗಕ್ಕೆ ಮಾಡುವಂತೆ ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಅಡ್ಡಡ್ಡ ಪಟ್ಟಿ ಕಟ್ಟಿ, ಮೇಲೆ ಕೆಂಪು ಅರಗು ಸುರಿದು, ಕಚೇರಿಯ ಮೊಹರು ಒತ್ತಬೇಕು. ಈ ಕೆಲಸ ಗುಮಾಸ್ತ ಗಡಿಗೆಪ್ಪನ ಪಾಲಿಗೆ ಬಂತು. ಅರಗಿನ ಕಡ್ಡಿ, ಮೊಹರು, ಮೇಣದಬತ್ತಿ, ಬೆಂಕಿಪೊಟ್ಟಣ ಒಂದು ಚೀಲದಲ್ಲಿಟ್ಟುಕೊಂಡು ಆತ ಜೀಪಿನ ಹಿಂದೆ ಕೂರುತ್ತಿದ್ದ. ಪೆಟ್ರೋಲ್ ಟ್ಯಾಂಕಿನ ಬಾಯಿಯ ಹತ್ತಿರ ಮೇಣದಬತ್ತಿ ಹಚ್ಚಿ ಅರಗು ಕರಗಿಸಿದ ಇಲಾಖೆ ಸುಟ್ಟು ಬೂದಿಯಾಗದೆ ಉಳಿದದ್ದನ್ನು ನೋಡಿದರೆ ದೇವರಿದ್ದಾನೆ ಅನ್ನಿಸುತ್ತದೆ. ಅವನ ಅಭಿರುಚಿಯ ಬಗ್ಗೆ ಮಾತ್ರ ಸಂಶಯ ಬರುತ್ತದೆ.

ಮೊಹರು ಬಿದ್ದ ವಾರದಿಂದ ಜೀಪು ನಿಲ್ಲತೊಡಗಿತು. ಚೆನ್ನಾಗಿ ಹೊರಡುತ್ತದೆ, ಗಬ್ಬೂರಿನ ಆಸುಪಾಸು ಬರುವ ಹೊತ್ತಿಗೆ ಕೆಮ್ಮುತ್ತದೆ, ಮೂರು ಸಲ ಮುಗ್ಗರಿಸಿ ನಿಂತೇಬಿಡುತ್ತದೆ. ಪೆಟ್ರೋಲ್ ಮುಗಿಯಿತೇನೋ ಎಂದು ನೋಡಬೇಕಾದರೆ ಮೊಹರು ಒಡೆಯಬೇಕು. ಒಡೆಯಲು ಪಂಚನಾಮೆ ಬೇಕು. ಅದಕ್ಕೆ ಇಬ್ಬರು ಪಂಚರು ಬೇಕು. ರಸ್ತೆ ಬದಿಯಲ್ಲಿ ಕುರಿ ಕಾಯುವ ಇಬ್ಬರನ್ನು ಕರೆದು, ಹೆಬ್ಬೆಟ್ಟು ಒತ್ತಿಸಿ, ಗಡಿಗೆಪ್ಪ ಮುಚ್ಚಳ ತೆಗೆದು ಕೋಲು ಇಳಿಬಿಡುತ್ತಿದ್ದ. ಪೆಟ್ರೋಲ್ ಇರುತ್ತಿತ್ತು. ಮುಚ್ಚಿ ಹ್ಯಾಂಡಲ್ ಹೊಡೆದರೆ ಜೀಪು ಏಳುತ್ತಿತ್ತು. ಮತ್ತೆ ಅರಗು, ಮತ್ತೆ ಮೊಹರು. ಆ ವರ್ಷ ಗಬ್ಬೂರಿನ ಕುರಿಗಾಹಿಗಳಷ್ಟು ಸರ್ಕಾರಿ ದಾಖಲೆಗಳಿಗೆ ಹೆಬ್ಬೆಟ್ಟು ಒತ್ತಿದವರು ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ದೇವದುರ್ಗದಲ್ಲಿ ಒಬ್ಬ, ಮಾನ್ವಿಯಲ್ಲಿ ಇನ್ನೊಬ್ಬ ಮಿಸ್ತ್ರಿ ಕಾರ್ಬುರೇಟರ್ ತೊಳೆದರು. ಜೀಪು ನಿಲ್ಲುವುದನ್ನು ನಿಲ್ಲಿಸಲಿಲ್ಲ. ಸಾಹೇಬರು ತಾವೇ ಕಾರಣ ಕಂಡುಹಿಡಿದರು: ಮೊಹರಿನ ಸಿಟ್ಟಿಗೆ ಯಮನೂರಪ್ಪ ಬೇಕಂತಲೇ ಕಾರ್ಬುರೇಟರ್ ಕೆಡಿಸುತ್ತಿದ್ದಾನೆ. ಅವನನ್ನು ತೆಗೆದುಹಾಕಬೇಕಾದರೆ ಕೆಲಸ ಬಲ್ಲ ಮಿಸ್ತ್ರಿಯೊಬ್ಬನ ಸರ್ಟಿಫಿಕೇಟ್ ಬೇಕಿತ್ತು. ಹಿಂದಿನ ವರ್ಷ ಆ ಜೀಪಿನ ಕಾರ್ಬುರೇಟರ್ ಪೂರ್ತಿ ಬಿಚ್ಚಿ ರಿಪೇರಿ ಮಾಡಿದವರು ದಸ್ತಗೀರ್. ಆದ್ದರಿಂದ ಸಾಹೇಬರು, ಗಡಿಗೆಪ್ಪ, ಯಮನೂರಪ್ಪ ಮೂವರೂ ಜೀಪಿನಲ್ಲಿ ರಾಯಚೂರಿಗೆ ಬಂದರು. ನಡುವೆ ಒಂದು ಪಂಚನಾಮೆಯೂ ಆಯಿತು. ಸರ್ಟಿಫಿಕೇಟ್ ಮೊದಲೇ ಟೈಪಾಗಿತ್ತು. ಪರೀಕ್ಷೆಗೆ ಮುಂಚೆ ಫಲಿತಾಂಶ ತರುವಷ್ಟು ಚುರುಕುತನ ಈ ಕಚೇರಿ ಬೇರೆ ಯಾವ ಕೆಲಸದಲ್ಲೂ ತೋರಿಸಿದ್ದಿಲ್ಲ.

ಓದಿಸಿ ಕೇಳದೆ ಸಹಿ ಹಾಕುವುದಿಲ್ಲ ಎಂದರು ದಸ್ತಗೀರ್. ಟಾಂಗಾದವರ ಎದುರಿಗೇ ಗಡಿಗೆಪ್ಪ ಓದಬೇಕಾಯಿತು. "ಚಾಲಕನು ದುರುದ್ದೇಶದಿಂದ" ಎಂಬಲ್ಲಿ ಅವನ ದನಿ ಇಳಿಯಿತು. ಯಮನೂರಪ್ಪ ನೆಲ ನೋಡುತ್ತ ನಿಂತಿದ್ದ. ಸಹಿ ಆದರೆ ಇನ್ನು ಮುಂದೆ ಇಲಾಖೆಯ ಗಾಡಿಗಳೆಲ್ಲ ಇದೇ ಗಿಡದ ಕೆಳಗೆ ಬರುತ್ತವೆ ಎಂದು ಸಾಹೇಬರು ಗಿಡವನ್ನು ನೋಡುತ್ತ ಹೇಳಿದರು.

ದಸ್ತಗೀರ್ ಯಮನೂರಪ್ಪನ ಕಡೆ ತಿರುಗಿದರು. "ನಿಂತ ಮ್ಯಾಲ ಮತ್ತ ಹೆಂಗ ಏಳ್ತದಪಾ ಇದು?"

"ಪಂಚನಾಮಿ ಮಾಡಿದ್ರ ಏಳ್ತದರಿ, ಚಾಚಾ."

ಟಾಂಗಾದವರು ನಕ್ಕರು. ದಸ್ತಗೀರ್ ನಗಲಿಲ್ಲ. ಮುಚ್ಚಳದ ಮೇಲಿನ ಕೆಂಪು ಗಡ್ಡೆಯನ್ನು ನೋಡಿದರು. ಸರ್ಟಿಫಿಕೇಟನ್ನು ಜೇಬಿಗಿಟ್ಟುಕೊಂಡು, ಗಬ್ಬೂರಿನ ತನಕ ತಾವೂ ಬರುವುದಾಗಿ, ಸಹಿ ಅಲ್ಲೇ ಆಗಲೆಂದು ಹೇಳಿ ಜೀಪು ಹತ್ತಿದರು.

ಗಬ್ಬೂರು ಕಾಣುವ ಮೊದಲೇ ಜೀಪು ತನ್ನ ಮಾತು ಉಳಿಸಿಕೊಂಡು ನಿಂತಿತು. ಗಡಿಗೆಪ್ಪ ಚಟದಂತೆ ಕುರಿಗಾಹಿಗಳನ್ನು ಹುಡುಕತೊಡಗಿದ. ದಸ್ತಗೀರ್ ಬಾನೆಟ್ ಎತ್ತಿ ಕಾರ್ಬುರೇಟರಿನ ಮೇಲ್ಭಾಗ ಬಿಚ್ಚಿ ತೋರಿಸಿದರು. ಪೆಟ್ರೋಲ್ ತುಂಬಿ ನಿಲ್ಲಬೇಕಾದ ಬಟ್ಟಲು ಒಣಗಿತ್ತು. ಅದನ್ನು ಮತ್ತೆ ಕೂಡಿಸಿ, ಪಂಚರಿಗೆ ಕಾಯದೆ ಮೊಹರು ಒಡೆದರು. ಮುಚ್ಚಳದ ಹತ್ತಿರ ಕಿವಿ ತರಲು ಸಾಹೇಬರನ್ನು ಕೇಳಿದರು. ಸಾಹೇಬರು ಬಗ್ಗಿದರು. ಮುಚ್ಚಳ ತಿರುಗಿದ್ದೇ ತಡ, ಟ್ಯಾಂಕು ಉದ್ದಕ್ಕೆ ಸುಸ್ಸೆಂದು ಉಸಿರೆಳೆದುಕೊಂಡಿತು.

"ಬಾಟ್ಲಿ ಬಾಯಿಗಿ ಬಿಗಿ ಹಚ್ಚಿ ನೀರು ಎಳೀರಿ ಸಾಹೇಬ್ರ, ಒಳಗ ಗಾಳಿ ಬಿಡಬ್ಯಾಡ್ರಿ. ಎಷ್ಟೊತ್ತು ಬರ್ತದ?" ಎಂದರು ದಸ್ತಗೀರ್. ಮುಚ್ಚಳ ತಿರುವಿ, ಅರಗು ಕೆರೆದು, ನಡುವಿನ ಸಣ್ಣ ತೂತು ತೋರಿಸಿದರು. "ಕಂಪನಿಯವ ಇದು ಸುಮ್ನ ಇಟ್ಟಿಲ್ರಿ. ಪೆಟ್ರೋಲ್ ಇಳಿದಷ್ಟು ಗಾಳಿ ಇಲ್ಲಿಂದ ಹೋಗಬೇಕು. ನೀವು ಡ್ರೈವರನ ಬಾಯಿ ಕಟ್ಟಾಕ ಹೋಗಿ ಗಾಡಿ ಮೂಗು ಹಿಡದ್ರಿ."

ಹ್ಯಾಂಡಲ್ ಹೊಡೆದು ಹೊಡೆದು ಬಟ್ಟಲು ತುಂಬಿದ ಮೇಲೆ ಜೀಪು ಎದ್ದಿತು. ಎಲ್ಲ ಕಥೆ ಇಲ್ಲಿಗೇ ಮುಗಿಯಬೇಕು, ಸತ್ಯ ಗೆದ್ದಿತೆಂದು ನಾವು ಮನೆಗೆ ಹೋಗಬೇಕು. ಆದರೆ ಮೊಹರಿನ ಆದೇಶಕ್ಕೆ ಸಹಿ ಹಾಕಿದ್ದು ಸಾಹೇಬರು. ತಮ್ಮ ಆದೇಶವೇ ಜೀಪು ನಿಲ್ಲಿಸಿತೆಂದು ಅವರ ಕೈ ಬರೆಯುವುದುಂಟೇ? ತಾಲೂಕಿನಲ್ಲಿ ಅಂಥ ಕೈ ಇನ್ನೂ ಹುಟ್ಟಿಲ್ಲ. ಇಷ್ಟು ಪಂಚನಾಮೆಗಳಿಗೆ ಕಾಗದದ ಮೇಲೆ ಒಂದು ಕಾರಣ ಬೇಕೇ ಬೇಕು, ಅರಗಿನ ಮಾತು ಕಾಗದಕ್ಕೆ ಬರಬಾರದು ಎಂದರು. ಉಳಿದ ಕಾರಣ ಒಂದೇ, ಹ್ಯಾಂಡಲ್ ಹಿಡಿದು ಜೀಪಿನ ಪಕ್ಕ ನಿಂತಿತ್ತು.

ದಸ್ತಗೀರ್ ಬಹಳ ಹೊತ್ತು ಕೈ ಒರೆಸಿಕೊಂಡರು. ಕೈಯಲ್ಲಿ ಅಷ್ಟು ಎಣ್ಣೆ ಇರಲಿಲ್ಲ. ಆಮೇಲೆ ಟೈಪಾದ ಕಾಗದ ಹರಿದು ಗಡಿಗೆಪ್ಪನಿಗೆ ಹೇಳಿದರು, "ಬರಕೋರಿ. ಹೋದ ವರ್ಷ ಕಾರ್ಬುರೇಟರ್ ಮಾಡಿದಾವ ಗುಲಾಮ್ ದಸ್ತಗೀರ್. ಅಂವ ಕೆಲಸ ಕೆಡಿಸಿದ್ದ. ಡ್ರೈವರಂದು ತಪ್ಪಿಲ್ಲ."

"ಚಾಚಾ, ಬ್ಯಾಡ್ರಿ," ಎಂದ ಯಮನೂರಪ್ಪ.

"ಸುಮ್ಕಿರಲೇ. ನಿಂದು ಖಾಯಂ ಆಗೂದದ. ನಂದು ಯಾವ ಸರ್ಕಾರ ಖಾಯಂ ಮಾಡ್ತದ?"

ಸಾಹೇಬರಿಗೆ ಈ ಸುಳ್ಳು ಬಹಳ ಹಿಡಿಸಿತು. ಯಾರ ಮೈಗೂ ತಾಗದ ಸುಳ್ಳು, ತಾಗುವವನು ಇಲಾಖೆಯವನಲ್ಲ. ಹೀಗೆ ಜೆಟ್ಟಿಗೆ ಒಂದು ಗೀರೂ ಬೀಳದಂತೆ ಕೆಲಸ ಮಾಡಿದ ಮನುಷ್ಯ ಸರ್ಕಾರಿ ದಾಖಲೆಯಲ್ಲಿ ಕೆಲಸಗೇಡಿಯಾದರು. ಇಲಾಖೆಯ ಗಾಡಿಗಳು ಗಿಡದ ಕೆಳಗೆ ಬರುವುದು ನಿಂತಿತು. ದಸ್ತಗೀರರ ಹೆಂಡತಿ ಬಡೇಬೀ ಒಂದು ತಿಂಗಳು ಗಂಡನೊಂದಿಗೆ ಮಾತಾಡಲಿಲ್ಲವಂತೆ. ಆಮೇಲೆ ಮಾತಾಡಿದ್ದೂ ಅದರ ಬಗ್ಗೆಯೇ.

ಯಮನೂರಪ್ಪ ಮರುವರ್ಷ ಖಾಯಂ ಆದ. ಮೊಹರಿನ ಆದೇಶ ಮಾತ್ರ ರದ್ದಾಗಲಿಲ್ಲ. ತಪ್ಪಾಗಿದ್ದರೆ ತಾನೇ ರದ್ದಾಗುವುದು. ಗಡಿಗೆಪ್ಪ ಅರಗು ಸುರಿಯುತ್ತಲೇ ಇದ್ದ. ಮೊಹರು ಒತ್ತಿದ ಮೇಲೆ ಮೇಣದಬತ್ತಿ ಆರಿಸುವ ನೆಪದಲ್ಲಿ ಆಚೆ ತಿರುಗುತ್ತಿದ್ದ, ಒಂದು ಬತ್ತಿ ಆರಿಸಲು ಬೇಕಾದದ್ದಕ್ಕಿಂತ ತುಸು ಹೆಚ್ಚೇ ಹೊತ್ತು. ಯಮನೂರಪ್ಪ ಟೊಪ್ಪಿಗೆಯಲ್ಲಿ ಸಿಕ್ಕಿಸಿಕೊಂಡ ಜಾಲಿಮುಳ್ಳು ತೆಗೆದು, ಬಿಸಿ ಅರಗಿನ ನಡುವೆ ಚುಚ್ಚುತ್ತಿದ್ದ. ಜೀಪು ಮತ್ತೆ ಗಬ್ಬೂರಿನಲ್ಲಿ ನಿಲ್ಲಲಿಲ್ಲ.

೧೯೮೬ರಲ್ಲಿ ಜೀಪು ಹರಾಜಾಯಿತು. ಕೊಂಡ ಮಾನ್ವಿಯ ಗಿರಣಿಯವರು ಅದನ್ನು ಬೇವಿನ ಗಿಡದ ಕೆಳಗೆ ತಂದು ನಿಲ್ಲಿಸಿದರು. ಕಾರ್ಬುರೇಟರ್ ಹಾಳಾಗಿರಬೇಕು, ಯಾವನೋ ಕೆಟ್ಟ ಮಿಸ್ತ್ರಿ ಕೈಯಾಡಿಸಿದ್ದನಂತೆ, ಕಾಗದದಲ್ಲೂ ಹಾಗೇ ಇದೆ ಎಂದರು.

ದಸ್ತಗೀರ್ ಬಾನೆಟ್ ಎತ್ತಲಿಲ್ಲ. ಮುಚ್ಚಳದ ಮೇಲಿನ ಕೊನೆಯ ಅರಗನ್ನು, ಅದರ ನಟ್ಟನಡುವಿನ ಮುಳ್ಳಿನ ತೂತನ್ನು ಬೆರಳಿನಿಂದ ಸವರಿದರು. ಅರಗು ಕೆರೆದು ತೆಗೆದು, ಗಾಡಿ ಚಾಲೂ ಮಾಡಿ, ಕಿವಿಗೊಟ್ಟು ಕೇಳಿದರು.

"ಆ ಮಿಸ್ತ್ರಿ ಕೆಲಸ ಮುಟ್ಟಬ್ಯಾಡ್ರಿ," ಎಂದರು. "ಹಂಗೇ ಒಯ್ರಿ."