ಸುಧಾರಿಸ್ತೇನೆ ಅಂದದ್ದು

ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ‘ಬಾಯಿ’ ಎಂದು ಕರೆಯುವುದು ರೂಢಿ. ಆ ಶಬ್ದದ ಇನ್ನೊಂದು ಅರ್ಥವೂ ನನಗೆ ಸರಿಯಾಗಿ ಹೊಂದುತ್ತದೆ ಎಂದು ನನ್ನ ಗಂಡ ಕೆಣಕುತ್ತಿದ್ದರು. ತೊಂಬತ್ತರ ದಶಕದಲ್ಲಿ ನಾವು ಸೌದಿಯ ಜಿದ್ದಾದಲ್ಲಿ, ಅಜೀಜಿಯಾ ಬಡಾವಣೆಯಲ್ಲಿದ್ದಾಗ ಎದುರು ಬಾಗಿಲಿನ ಬ್ಯಾರಿ ಮುಸ್ಲಿಂ ಹೆಂಗಸು ಬಾಯಿ ಎಂದರೆ ಮಾತ್ರ ಅದರಲ್ಲಿ ಬರೀ ಪ್ರೀತಿ ಇರುತ್ತಿತ್ತು. ಅವಳ ಮನೆಮಾತು ಬ್ಯಾರಿ, ನನ್ನದು ಕೊಂಕಣಿ. ನಮ್ಮಿಬ್ಬರ ನಡುವೆ ಓಡುತ್ತಿದ್ದುದು ಮಂಗಳೂರಿನ ಕನ್ನಡ.

ನಾನು ಮುಂಗೋಪಿ. ಹೋದ ಹೊಸತರಲ್ಲಿ, ಹೊರಗೆ ಕಾಲಿಡಲು ತೊಡಲೇಬೇಕಾದ ಕಪ್ಪು ಅಬಾಯಾದ ಮೇಲೆ, ಬಿಸಿಲಿನ ಮೇಲೆ, ನಮಾಜಿನ ಹೊತ್ತಿಗೆ ನನ್ನ ಮುಖಕ್ಕೇ ಬಾಗಿಲೆಳೆಯುವ ಅಂಗಡಿಗಳ ಮೇಲೆ ಉರಿದು ಬೀಳುತ್ತಿದ್ದೆ. ಅಬಾಯಾ ಕಾಲಿಗೆ ತೊಡರದಂತೆ ನಡೆಯುವುದನ್ನು ಕಲಿಸಿದವಳು ಅವಳು. ಡಿಸೆಂಬರಿನಲ್ಲಿ ಪರದೆ ಎಳೆದು ನಾನು ಗುಟ್ಟಾಗಿ ಕ್ರಿಸ್‌ಮಸ್ ತಿಂಡಿ ಮಾಡುವಾಗ ಪಕ್ಕದಲ್ಲಿ ಕುಳಿತು ಸಿಹಿಗಡುಬಿನಂಥ ನೆವ್ರಿಯ ಅಂಚು ಮಡಚುತ್ತಿದ್ದವಳೂ ಅವಳೇ. ನನ್ನ ಬೈಗುಳವನ್ನೆಲ್ಲ ಕೇಳಿಸಿಕೊಂಡು, “ಆಯ್ತಾ ಬಾಯಿ? ಈಗ ಚಾ ಕುಡಿಯುವ” ಎನ್ನುತ್ತಿದ್ದಳು.

ಅವಳ ಗಂಡನಿಗೆ ಹಡಗು ರಿಪೇರಿ ಕೆಲಸ. ಅವರಿಗೆ ಯುರೋಪಿನ ಒಂದು ಬಂದರಿನಲ್ಲಿ ಕೆಲಸ ಸಿಕ್ಕಿತು, ವೀಸಾವೂ ಆಯಿತು. ಅವಳದು ಆಗಬೇಕಿತ್ತು. ಜಿದ್ದಾದ ಕೆಲಸ ಬಿಟ್ಟರೆ ಗಂಡನ ಇಕಾಮಾ, ಅಂದರೆ ವಾಸದ ಪರವಾನಗಿ, ಹೋಯಿತು, ಅದರ ಜೊತೆಗೆ ಅವಳದೂ. ಯುರೋಪಿನವರು ಒಲ್ಲೆವೆಂದರೆ ಅವಳು ಊರಿಗೇ ಹೋಗಬೇಕು. ಮದುವೆಯಾದ ಮೇಲೆ ಎಷ್ಟೋ ವರ್ಷ ಅವರು ಇಲ್ಲಿ, ಅವಳು ಊರಲ್ಲಿ ಕಳೆದಾಗಿತ್ತು. “ಪುನಃ ಫೋನಿನಲ್ಲಿ ಸಂಸಾರ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ ಬಾಯಿ” ಎಂದು ಅವಳು ಅತ್ತಾಗ ನನಗೂ ಅಳು ಬಂತು.

ಹೊರಗಿನಿಂದ ಬಂದ ಮುಸ್ಲಿಮರು ತಮ್ಮವರೊಂದಿಗೆ ಬೆರೆಯುತ್ತಾರೋ ಇಲ್ಲವೋ ಎಂಬ ಚರ್ಚೆ ಆ ದೇಶದಲ್ಲಿ ಆಗ ಜೋರಾಗಿತ್ತಂತೆ. ಹಾಗಾಗಿ ವೀಸಾ ಕೊಡುವ ಮೊದಲು ಜಿದ್ದಾದ ತಮ್ಮ ಕಾನ್ಸುಲೇಟಿನಲ್ಲಿ ಹೆಂಡತಿಯರನ್ನು ಕೂರಿಸಿ ಪ್ರಶ್ನೆ ಕೇಳುತ್ತಿದ್ದರು. ಗಂಡ ಹೊರಗಿರಬೇಕು, ಜೊತೆಗೆ ಹೆಂಗಸೊಬ್ಬಳು ಇರಬಹುದು ಎಂದದ್ದರಿಂದ ನಾನು ಕೆಲಸ ಮಾಡುತ್ತಿದ್ದ ಆಸ್ಪತ್ರೆಯ ಲ್ಯಾಬಿಗೆ ರಜೆ ಹಾಕಿ ಅವಳ ಜೊತೆ ಹೋದೆ. ಒಳಗೆ ಬಿಳಿಗೂದಲಿನ ಅಧಿಕಾರಿ, ಪಕ್ಕದಲ್ಲಿ ಉರ್ದು ದುಭಾಷಿ. ಇಂಡಿಯಾದ ಮುಸ್ಲಿಮರೆಂದರೆ ಉರ್ದುವಿನವರೇ ಎಂದು ಅವರ ಎಣಿಕೆ. ಅವಳಿಗೆ ಬರುತ್ತಿದ್ದುದು ತರಕಾರಿ ಅಂಗಡಿಯಲ್ಲಿ ಕಲಿತ ಹಿಂದಿ ಮಾತ್ರ.

“ಅಲ್ಲಿಯ ಜನರ ಧರ್ಮ ಬೇರೆ, ರೀತಿ ಬೇರೆ. ಅವರ ನಡುವೆ ಹೇಗೆ ಬಾಳುತ್ತೀರಿ?” ಎಂದು ಅಧಿಕಾರಿ ಕೇಳಿದ. ದುಭಾಷಿ ಅದನ್ನು ಚೆಂದದ ಉರ್ದುವಿನಲ್ಲಿ ಹೇಳಿದ. ಅವಳು ಇದ್ದಬದ್ದ ಹಿಂದಿಯನ್ನೆಲ್ಲ ಒಟ್ಟುಮಾಡಿ ಧೈರ್ಯವಾಗಿ ಹೇಳಿದಳು: “ಉಧರ್ ಕಾ ಸಬ್ ಲೋಗ್ ಕೋ ಮೈಂ ಸುಧಾರೇಗಾ!”

ಆದ ಎಡವಟ್ಟು ನನಗೆ ಕೂಡಲೇ ಗೊತ್ತಾಯಿತು. ನಮ್ಮ ಕರಾವಳಿಯಲ್ಲಿ ಸುಧಾರಿಸುವುದೆಂದರೆ ಹೇಗಾದರೂ ನಿಭಾಯಿಸಿಕೊಂಡು ಹೋಗುವುದು. ಪುಸ್ತಕದ ಕನ್ನಡದಲ್ಲಿ, ಹಿಂದಿಯಲ್ಲಿ ಅದು ತಿದ್ದಿ ಸರಿಮಾಡುವುದು. ಇವಳು ನಮ್ಮ ಶಬ್ದಕ್ಕೆ ಹಿಂದಿಯ ಬಾಲ ಅಂಟಿಸಿಬಿಟ್ಟಿದ್ದಳು. ದುಭಾಷಿ ಪಾಪ, ಕೇಳಿಸಿಕೊಂಡದ್ದನ್ನೇ ಇಂಗ್ಲಿಷಿನಲ್ಲಿ ಹೇಳಿದ: ಅಲ್ಲಿಯ ಜನರನ್ನೆಲ್ಲ ಈಕೆ ತಿದ್ದುತ್ತಾಳಂತೆ.

ಅಧಿಕಾರಿಯ ಪೆನ್ನು ನಿಂತಿತು. “ನಮ್ಮ ಜನರನ್ನು ತಿದ್ದಲು ನಿಮ್ಮನ್ನು ಯಾರು ಕಳಿಸುತ್ತಿದ್ದಾರೆ?”

ಸುಮ್ಮನಿರುವುದು ನನ್ನ ಜಾಯಮಾನವಲ್ಲ. “ತಪ್ಪು! ಪೂರ್ತಿ ತಪ್ಪು!” ಎಂದು ಇಂಗ್ಲಿಷಿನಲ್ಲಿ ನಡುವೆ ನುಗ್ಗಿದೆ. “ಮನೆಯವರಿಗಷ್ಟೇ ಮೀನು ಸಾರು ಮಾಡಿದ್ದೇವೆ, ಉಣ್ಣುವ ಹೊತ್ತಿಗೆ ನೆಂಟರು ಬಂದರು. ಯಾರ ಮುಖವೂ ಬಾಡದ ಹಾಗೆ ಅಷ್ಟರಲ್ಲೇ ಎಲ್ಲರಿಗೂ ಬಡಿಸುತ್ತೇವಲ್ಲ, ಅದಕ್ಕೆ ನಮ್ಮೂರಿನಲ್ಲಿ ಸುಧಾರಿಸುವುದು ಅನ್ನುತ್ತಾರೆ.”

“ನೀವು ಇವರ ಸಂಬಂಧಿಯೇ?”

“ಎದುರು ಮನೆಯವಳು. ಕ್ಯಾಥೊಲಿಕ್.”

ಆತ ಒಮ್ಮೆ ನನ್ನನ್ನು, ಒಮ್ಮೆ ಅವಳನ್ನು ನೋಡಿದ. “ಎಂತ ಕೇಳಿದ್ದು ಬಾಯಿ?” ಎಂದು ಅವಳು ನನ್ನ ತೋಳು ಜಗ್ಗಿದಳು. ಆದ ಫಜೀತಿಯನ್ನು ಹೇಳಿದೆ. ಅವಳು ಹಿಂದಿಯ ಗೊಡವೆಯೇ ಬೇಡವೆಂದು ಅಧಿಕಾರಿಯ ಕಣ್ಣಿಗೆ ಕಣ್ಣಿಟ್ಟು ಕನ್ನಡದಲ್ಲೇ ಕೇಳಿದಳು: “ಈ ಬಾಯಿಯ ಸಿಟ್ಟನ್ನೇ ಇಷ್ಟು ವರ್ಷ ಸುಧಾರಿಸಿದ್ದೇನೆ ನಾನು. ನಿಮ್ಮ ಜನ ಇವರಿಗಿಂತ ಕಷ್ಟವಾ?”

ಇದನ್ನು ಇಂಗ್ಲಿಷಿಗೆ ತರುವ ಕೆಲಸ ನನ್ನ ತಲೆಗೇ ಬಂತು. ಒಂದಕ್ಷರ ನುಂಗದೆ ಹೇಳಿದೆ. ಮೊದಲು ದುಭಾಷಿ ನಕ್ಕ, ಆಮೇಲೆ ಅಧಿಕಾರಿಯೂ ನಕ್ಕ. ನಾನು ನಗುವುದು ಬಿಟ್ಟು ಹೆಮ್ಮೆಯಿಂದ ಅವಳನ್ನೇ ನೋಡಿದೆ. ನನ್ನ ಹಾಗೆ ಕೂಗಾಡದೆ, ಬೇಡಿಕೊಳ್ಳಲೂ ಹೋಗದೆ, ಪರದೇಶದ ಅಧಿಕಾರಿಯನ್ನು ಅಡುಗೆಮನೆಯ ನೆಂಟನಂತೆ ಮಾತಾಡಿಸಿದವಳು ನನ್ನ ಗೆಳತಿ! ಈಗಲೂ ನೆನೆದರೆ ನನ್ನ ಬೆನ್ನು ನೆಟ್ಟಗಾಗುತ್ತದೆ.

ವೀಸಾ ಸಿಕ್ಕಿತು, ಅವಳು ಹೋದಳು. ಎದುರಿನ ಬಾಗಿಲಿಗೆ ಬೀಗ ಬಿದ್ದ ಮೇಲೆ ನನ್ನ ಸಿಟ್ಟಿಗೂ ಗಿರಾಕಿ ಇಲ್ಲದಂತಾಯಿತು. ಅಲ್ಲಿ ಹಿಮ ಕರಗುವ ಕಾಲಕ್ಕೆ ಅವಳ ಫೋನು ಬಂತು. “ಏನು ಮಾರಾಯ್ತಿ, ಅಲ್ಲಿಯವರನ್ನೆಲ್ಲ ಸುಧಾರಿಸಿ ಆಯ್ತಾ?” ಎಂದು ಕೆಣಕಿದೆ.

ಅವಳು ನಕ್ಕಳು. “ಪಕ್ಕದಲ್ಲಿ ಒಂದು ಅಜ್ಜಿ ಉಂಟು ಬಾಯಿ. ನಾನು ಎಣ್ಣೆಯಲ್ಲಿ ಮೀನು ಕಾಯಿಸಿದರೆ ವಾಸನೆ ಅಂತ ಮೊದಲೆಲ್ಲ ಗೋಡೆಗೆ ಬಡೀತಿತ್ತು. ಮೊನ್ನೆ ಬಾಗಿಲಿಗೆ ಬಂದು ಕೈಸನ್ನೆ ಮಾಡಿ ಹೇಳಿತು, ಕಾಯಿಸುವ ದಿನ ಮೊದಲೇ ಹೇಳು, ಒಣಗಲಿಕ್ಕೆ ಹಾಕಿದ ಬಟ್ಟೆ ಒಳಗೆ ತಕೊಳ್ತೇನೆ ಅಂತ. ನಾನು ಮಾತ್ರ ಅಲ್ಲ ಬಾಯಿ, ಅವರೂ ನನ್ನನ್ನು ಸುಧಾರಿಸ್ತಾರೆ.”