ಕಂಪ್ಯೂಟರಿನ ಜೇಬಿಗೊಂದು ಚೀಟಿ

ಪಹಣಿ ಪ್ರಿಂಟಾಗುವ ಮೊದಲೇ ಹೊನ್ನಾಳಿಯಲ್ಲಿ ಕರೆಂಟು ಹೋಗಿ ಬಂತು. ನನ್ನ ಆನ್‌ಲೈನ್ ಸೇವೆಯ ಅಂಗಡಿಯ ಲಿನಕ್ಸ್ ಕಂಪ್ಯೂಟರ್ ಎಂದಿನಂತೆ ನೆಟ್‌ವರ್ಕಿನ ಅಂಕಿಗಳನ್ನೆಲ್ಲ ಮರೆತು ಎದ್ದಿತು. ಅವಿಲ್ಲದಿದ್ದರೆ ಇಂಟರ್ನೆಟ್ ಬಾರದು. ಮಂತ್ರ ಹೇಳುವ ಪುರೋಹಿತನ ಗಾಂಭೀರ್ಯದಿಂದ ಅವನ್ನು ಆ ಬೆಳಿಗ್ಗೆ ಮೂರನೇ ಸಲ ಕೀಬೋರ್ಡಿನಲ್ಲಿ ಕುಟ್ಟತೊಡಗಿದೆ. ಮಧ್ಯಾಹ್ನದೊಳಗೆ ತಾಲ್ಲೂಕು ಕಚೇರಿಗೆ ಪಹಣಿ ಕೊಡಬೇಕಿದ್ದ ಸಾಸ್ವೆಹಳ್ಳಿಯ ಗಂಗಮ್ಮ ತಾಳ್ಮೆಗೆಟ್ಟರು.

"ಅಲ್ರೀ ಸ್ವಾಮಿ, ನಮ್ಮನೆಯವ್ರಿಗೂ ಮರೆವು ಐತೆ. ಸಂತಿಗೆ ಕಳ್ಸೋ ಮುಂಚೆ ಚೀಟಿ ಬರ್ದು ಜೇಬಿಗೆ ಇಡ್ತೀನಿ. ಇದಕ್ಕೆ ಜೇಬಿಲ್ವಾ?"

ಇತ್ತು. ಕಂಪ್ಯೂಟರ್ ಶುರುವಾಗುವಾಗ ತಾನೇ ಓದಿಕೊಳ್ಳುವ ಫೈಲೊಂದಿತ್ತು. ಅಂಕಿಗಳನ್ನು ಅದರಲ್ಲಿ ಬರೆದು ಉಳಿಸಿದೆ. ಕರೆಂಟು ಮತ್ತೆ ಹೋಯಿತು, ಬಂತು. ಈ ಸಲ ನಾನು ಕೈಯಿಡುವ ಮೊದಲೇ ಇಂಟರ್ನೆಟ್ ಬಂದಿತ್ತು. ಗಂಗಮ್ಮ ಪಹಣಿ ಹಿಡಿದು ಕಚೇರಿಗೆ ಓಡಿದರು.

ಈಗ ಕರೆಂಟು ಹೋಗಿ ಬಂದರೆ ನನಗೆ ಮಾಡಲು ಏನೂ ಇಲ್ಲ. ಎರಡು ವರ್ಷ ಅಂಕಿ ಕುಟ್ಟುವುದನ್ನೇ ವಿದ್ಯೆ ಎಂದುಕೊಂಡಿದ್ದವನ ಗತಿ ಇದು.