ಬಲಸುತ್ತಿನ ತಿರಂಗಿ

ನಮ್ಮ ರರೊಟೊಂಗಾ ದ್ವೀಪಕ್ಕೆ ಇರುವುದು ಒಂದೇ ದೊಡ್ಡ ರಸ್ತೆ. ಕಡಲಂಚಿನಲ್ಲೇ ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತದೆ. ಅದರ ಮೇಲೆ ಬಲಸುತ್ತಿನ ಬಸ್ಸೊಂದು, ಎಡಸುತ್ತಿನದೊಂದು. ಬಲಸುತ್ತಿನದನ್ನು ಇಪ್ಪತ್ತಾರು ವರ್ಷದಿಂದ ಓಡಿಸುತ್ತಿರುವವನು ತಿರಂಗಿ, ನನ್ನ ತಂಗಿಯ ಗಂಡ. ಎಡಸುತ್ತಿನದು ಅವನ ಅಣ್ಣ ನೂರೋವಾನದು. ಪೇಟೆಯ ನಿಲ್ದಾಣದಲ್ಲಿ ಡೋನಟ್ ಕರಿದು ಮಾರುವ ನನಗೆ ಇಬ್ಬರ ಸಿಡುಕು ಮೋರೆಯೂ ದಿನವಿಡೀ ತಪ್ಪಿದ್ದಲ್ಲ.

ಅವರು ಮಾತು ಬಿಟ್ಟು ಹನ್ನೊಂದು ವರ್ಷ. ಮನೆ ಯಾರಿಗೆಂದು ಹೇಳದೆಯೇ ಅವರಮ್ಮ ತೀರಿಹೋದಳು. ಅಂಗಳದಲ್ಲೇ ಹೂತರು. ಸಮಾಧಿಯ ಆಚೆಗೊಬ್ಬ, ಈಚೆಗೊಬ್ಬ ತಗಡಿನ ಸೂರು ಹಾಕಿ ಕೂತರು. ಮನೆಗೆ ಬೀಗ ಬಿತ್ತು. ತಾನು ಒಂದು ದಿನ ದ್ವೀಪ ಬಿಟ್ಟರೂ ಇನ್ನೊಬ್ಬ ಬೀಗ ಒಡೆದು ಒಳಗೆ ಚಾಪೆ ಹಾಸುತ್ತಾನೆಂದು ಇಬ್ಬರಿಗೂ ಭಯ. ಪ್ರತಿ ಸುತ್ತಿಗೆ ಎರಡು ಸಲ ಬಸ್ಸುಗಳು ಎದುರಾಗುತ್ತವೆ. ಆಗ ತಿರಂಗಿ ಕಡಲ ಕಡೆ ಮುಖ ತಿರುಗಿಸುತ್ತಿದ್ದ, ನೂರೋವಾ ಬೆಟ್ಟದ ಕಡೆ. ಇಬ್ಬರ ತಲೆಯನ್ನೂ ಹಿಡಿದು ಡಿಕ್ಕಿ ಹೊಡೆಸಬೇಕು ಅನ್ನಿಸುತ್ತಿತ್ತು ನನಗೆ.

ರಜೆಗೆ ಬಂದವರು ಒದ್ದೆ ಚಡ್ಡಿಯಲ್ಲೇ ಸೀಟಿಗೊರಗಿ, "ಪುಣ್ಯವಂತ ಕಣಯ್ಯ ನೀನು, ಸ್ವರ್ಗದಲ್ಲೇ ಇದೀಯ" ಅನ್ನುವರು.

"ಹೌದು ಸಾರ್, ಮೂವತ್ತೆರಡು ಕಿಲೋಮೀಟರ್ ಸ್ವರ್ಗ. ಬಾಗಿಲು ಎಲ್ಲಿದೆ ಅಂತ ಇನ್ನೂ ಹುಡುಕ್ತಾ ಇದೀನಿ" ಅನ್ನುವನು ಇವನು. ಅವರು ನಗುವರು.

ಆಕ್ಲೆಂಡಿನಲ್ಲಿರುವ ತಿರಂಗಿಯ ಮಗಳು ತೆಪಾಯೆರುವಿನ ಚೊಚ್ಚಲ ಮಗ ಪುನಾಗೆ ಏಳು ತುಂಬಿತ್ತು. ನಮ್ಮಲ್ಲಿ ಚೊಚ್ಚಲ ಗಂಡಿನ ಕೂದಲು ಕತ್ತರಿ ಕಾಣದೆ ಬೆಳೆಯಬೇಕು. ಬಳಗವೆಲ್ಲ ಸೇರಿದ ದಿನ ಮೊದಲ ಜಡೆಯನ್ನು ತಾತ ಕತ್ತರಿಸಬೇಕು. ತಾತ ಬರಲೆಂದು ಎರಡು ವರ್ಷ ಕಾದಿದ್ದರು. ಒಂದು ದಿನ ನನ್ನ ಅಂಗಡಿಯ ಮುಂದೆಯೇ ತಿರಂಗಿಗೆ ಫೋನ್ ಬಂತು.

"ಅಪ್ಪಾ, ಸ್ಕೂಲಲ್ಲಿ ಅವನ್ನ ಹುಡುಗಿ ಅಂತ ಆಡ್ಕೋತಾರೆ. ಈ ಶನಿವಾರ ಮಾಡೇಬಿಡ್ತೀವಿ. ಟಿಕೆಟ್ ಕಳ್ಸಿದೀನಿ. ಬರ್ತೀಯೋ ಇಲ್ವೋ?"

"ಬರ್ತೀನಮ್ಮ. ಆದ್ರೆ ಆ ಮನೆ..."

ಅವಳು ಫೋನ್ ಇಟ್ಟೇಬಿಟ್ಟಳು.

"ಹೋಗೋ ಮಾರಾಯ," ಅಂದೆ ನಾನು. "ಬೀಗಕ್ಕೆ ನಾನೇ ಕಾವಲು ಕೂರ್ತೀನಿ."

"ಡೋನಟ್ಟಿಗೇ ಕಾವಲು ಕೂರಕ್ಕಾಗಲ್ಲ ನಿನಗೆ. ಅರ್ಧ ನೀನೇ ತಿಂತೀಯ."

ಗುರುವಾರ ಅವನ ವಿಮಾನ. ಮನೆಗೆ ಹೋಗಲೆಂದು ನಾನು ಅವನ ಬಸ್ಸಿನಲ್ಲೇ ಕೂತಿದ್ದೆ. ರನ್‌ವೇ ತುದಿಯಲ್ಲಿ ರಜೆಯವರು ಗುಂಪುಗೂಡಿ, ತಲೆ ಮೇಲೆಯೇ ಹಾರುವ ವಿಮಾನ ನೋಡಿ ಕಿರುಚುತ್ತಾರಲ್ಲ, ಅಲ್ಲಿ ಬಸ್ಸು ನಿಲ್ಲಿಸಿದ. ಟಿಕೆಟ್ಟು ಅವನ ಜೇಬಿನಲ್ಲೇ ಇತ್ತು. ತಾನು ಹತ್ತಬೇಕಿದ್ದ ವಿಮಾನ ಕಡಲ ಮೇಲೆ ಚುಕ್ಕೆಯಾಗುವವರೆಗೂ ನೋಡಿದ.

ಮುಂದೆ ಎಡಸುತ್ತಿನ ಬಸ್ಸು ಎದುರಾಯಿತು. ಓಡಿಸುತ್ತಿದ್ದವನು ಬೇರೆ ಯಾರೋ.

"ನೂರೋವಾ ಎಲ್ಲೋ?" ತಿರಂಗಿ ಕೂಗಿದ.

"ನಿಮಗ್ ಗೊತ್ತಿಲ್ವಾ? ಈಗ ಹೋಯ್ತಲ್ಲ ವಿಮಾನ, ಅದ್ರಲ್ಲಿ!"

ನೂರೋವಾ ಡೋನಟ್ ಕೊಳ್ಳಲು ಬಂದಾಗ ಫೋನಿನ ವಿಷಯವನ್ನೆಲ್ಲ ಒದರಿದ್ದವಳು ನಾನೇ. ಮರುದಿನ, ನಮಗೆ ಶುಕ್ರವಾರ, ಒಂದು ದಿನ ಮುಂದಿರುವ ಆಕ್ಲೆಂಡಿಗೆ ಶನಿವಾರ, ಮಗಳ ಫೋನು: ಮೊದಲ ಜಡೆ ಕತ್ತರಿಸಿದ್ದು ದೊಡ್ಡಪ್ಪ.

ನಾಲ್ಕು ದಿನ ಮನೆ ತಿರಂಗಿಯೊಬ್ಬನದೇ. ಹಾರೆ ಹಿಡಿದು ಬಾಗಿಲವರೆಗೆ ಹೋಗುತ್ತಿದ್ದನಂತೆ, ಅಮ್ಮನ ಸಮಾಧಿಯ ಮೇಲೆ ಕೂತು ಅಳುತ್ತಿದ್ದನಂತೆ. ತಂಗಿ ಹೇಳಿದಳು.

ಸೋಮವಾರ ಬಸ್ಸುಗಳು ಮತ್ತೆ ಎದುರಾದವು. ಮುಂದಿನ ಸೀಟಿನಲ್ಲಿ ನಾನಿದ್ದೆ; ನೋಡಬೇಕೆಂದೇ ಅಂಗಡಿ ಮುಚ್ಚಿ ಹತ್ತಿದ್ದೆ. ನೂರೋವಾ ಬ್ರೇಕ್ ಹಾಕಿ, ಕಿಟಕಿಯಿಂದ ಕೈ ಚಾಚಿ, ರಿಬ್ಬನ್ ಕಟ್ಟಿದ ಕೂದಲ ಜಡೆ ಕೊಟ್ಟ.

"ನಿನ್ ಹೆಸ್ರು ಹೇಳೇ ಕತ್ತರಿಸ್ದೆ."

"ಬೀಗ ಹಾಗೇ ಇದೆ" ಅಂದ ತಿರಂಗಿ. ಹನ್ನೊಂದು ವರ್ಷದ ಮೇಲೆ ಅಣ್ಣನೊಡನೆ ಆಡಿದ ಮೊದಲ ಮಾತು ಇದು! ಹಿಂದೆ ಕಾರುಗಳು ಹಾರನ್ ಬಾರಿಸಿದವು. ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು.

ಅರ್ಧ ಸುತ್ತಿನ ನಂತರ ಮತ್ತೆ ಎದುರಾದರು.

"ಹುಡುಗ ಅತ್ನಾ?" ತಿರಂಗಿ ಕೇಳಿದ.

"ಇಲ್ಲ. ಗಟ್ಟಿಗ."

ಮತ್ತೆ ಅರ್ಧ ಸುತ್ತು. ತಿರಂಗಿ ಕಿಟಕಿಯಿಂದ ತಲೆ ಹೊರಹಾಕಿದ.

"ನನ್ನ ಕೇಳಿದ್ನಾ?"

"ಕೇಳ್ದ."

ಏನು ಹೇಳಿದೆ ಎಂದು ಕೇಳುವಷ್ಟರಲ್ಲಿ ಬಸ್ಸುಗಳು ದಾಟಿಬಿಟ್ಟವು. ಆ ಅರ್ಧ ಸುತ್ತು ಮುಗಿಯುವುದೇ ಇಲ್ಲವೇನೋ ಅನ್ನಿಸಿತು. ಕೊನೆಗೂ ಎಡಸುತ್ತಿನ ಬಸ್ಸು ಕಂಡಾಗ ತಿರಂಗಿ ರಸ್ತೆಯ ನಡುವೆಯೇ ನಿಲ್ಲಿಸಿದ.

"ಏನಂದೆ?"

ನೂರೋವಾ ಬೆಟ್ಟದ ಕಡೆ ನೋಡಲಿಲ್ಲ.

"ತಾತಂಗೆ ರಜೆ ಸಿಗ್ಲಿಲ್ಲ ಅಂದೆ."